ಗೋಡೆಗೇರಿದ ಕೌದಿ

ಕಳೆದ ಚಳಿಗಾಲದಲ್ಲಿ ಬೆಂಗಳೂರಿನ ಒಂದು ಶಾಂತ ಬಡಾವಣೆಯ ಹೋಟೆಲಿನಲ್ಲಿ ಎರಡು ರಾತ್ರಿ ಉಳಿದಿದ್ದೆ. ಕಥಾ ಕಮ್ಮಟವೊಂದಕ್ಕೆ ಕರೆದವರು ಅಲ್ಲಿ ಕೋಣೆ ಹಿಡಿದಿದ್ದರು. ನನ್ನ ಕಿಸೆಯಿಂದ ಹಣ ಕೊಟ್ಟು ಅಂಥ ಕಡೆ ಉಳಿಯುವ ಶಕ್ತಿ ಬೈಲಹೊಂಗಲದ ಶಾಲಾ ಮಾಸ್ತರನಿಗೆ ಇಲ್ಲ. ನಮ್ಮ ಕಡೆ ಹೋಟೆಲ್ ಅಂದರೆ ಚಹಾ ಮತ್ತು ಮಿರ್ಚಿಭಜಿ, ಊಟಕ್ಕಾದರೆ ಖಾನಾವಳಿ, ಮಲಗಲಿಕ್ಕಾದರೆ ಲಾಡ್ಜು. ಇವು ಮೂರೂ ಅಲ್ಲದ್ದನ್ನು ಈಗ 'ಬೊಟಿಕ್ ಹೋಟೆಲ್' ಅನ್ನುತ್ತಾರೆ.

ಹೆಸರು ಫ್ರೆಂಚರದ್ದು. ಬೊಟಿಕ್ ಎಂದರೆ ಚಿಕ್ಕ ಅಂಗಡಿ. 1978ರಲ್ಲಿ ಲಂಡನ್ನಿನಲ್ಲಿ ಅನೂಷ್ಕಾ ಹೆಂಪಲ್ ತೆರೆದ ಬ್ಲೇಕ್ಸ್, 1984ರಲ್ಲಿ ನ್ಯೂಯಾರ್ಕಿನಲ್ಲಿ ಇಯಾನ್ ಶ್ರೇಗರ್ ಮತ್ತು ಸ್ಟೀವ್ ರುಬೆಲ್ ತೆರೆದ ಮಾರ್ಗನ್ಸ್, ಇವು ಈ ಬಗೆಯ ಹೋಟೆಲುಗಳ ಹಿರಿಯರು. ದೊಡ್ಡ ಕಂಪನಿಗಳ ಹೋಟೆಲುಗಳು ಯಾವ ಊರಿಗೆ ಹೋದರೂ ಒಂದೇ ಹಾಸಿಗೆ, ಒಂದೇ ಪರದೆ, ಒಂದೇ ನಗು ಕೊಡುತ್ತವೆ. ನಾವು ಹಾಗಲ್ಲ, ನಮ್ಮ ಪ್ರತಿ ಕೋಣೆಗೂ ಒಂದು ವ್ಯಕ್ತಿತ್ವ ಇದೆ ಎನ್ನುವುದು ಇವರ ವಾದ. ಬೆಂಗಳೂರಿಗೆ ಈ ಶೈಲಿ ಬಂದದ್ದು ಈ ಶತಮಾನದ ಆರಂಭದಲ್ಲಿ. ಎಂ.ಜಿ. ರಸ್ತೆಯ 'ಪಾರ್ಕ್' ಹೋಟೆಲನ್ನು ಲಂಡನ್ನಿನ ಕಾನ್ರನ್ ಸಂಸ್ಥೆಯಿಂದ ವಿನ್ಯಾಸ ಮಾಡಿಸಿದರು. ಮಲ್ಲೇಶ್ವರದ ಹಳೆಯ ಬಂಗಲೆ 'ವಿಲ್ಲಾ ಪೊಟ್ಟಿಪಾಟಿ'ಯನ್ನು ನೀಮ್ರಾಣಾ ಸಂಸ್ಥೆಯವರು ಹೋಟೆಲ್ ಆಗಿ ನಡೆಸಿದರು. ಆಮೇಲೆ ನಗರದ ಮರಗಳಿರುವ ರಸ್ತೆಗಳಲ್ಲಿ ಇವು ಒಂದೊಂದಾಗಿ ಹುಟ್ಟಿಕೊಂಡವು.

ಯಾವುದೇ ಸಂಗತಿಯನ್ನು ವಿಮರ್ಶಿಸುವ ಮೊದಲು ಅದರ ಒಳ್ಳೆಯದನ್ನು ಹೇಳಬೇಕು. ಆ ಎರಡು ರಾತ್ರಿ ನಾನು ಚೆನ್ನಾಗಿ ಮಲಗಿದೆ. ಕೋಣೆಯಲ್ಲಿ ಟಿ.ವಿ. ಇರಲಿಲ್ಲ. ಕೆಂಪು ಆಕ್ಸೈಡಿನ ನೆಲ ಕಾಲಿಗೆ ತಂಪಾಗಿತ್ತು. ಬೆಳಿಗ್ಗೆ ಮಾವಿನ ಮರದ ಮೂಲಕ ಸೋಸಿ ಬರುವ ಬೆಳಕು ಸರಿಯಾಗಿ ಮೇಜಿನ ಮೇಲೆ ಬೀಳುವಂತೆ ಕಿಟಕಿ ಇಟ್ಟಿದ್ದರು. ಆ ಕಿಟಕಿ ಇಟ್ಟವನಿಗೆ ಬೆಳಕಿನ ವಿಷಯ ಗೊತ್ತಿದೆ. ಕೌಂಟರಿನಲ್ಲಿದ್ದ ಹುಡುಗಿ ನನ್ನ ಆಧಾರ್ ಕಾರ್ಡ್ ನೋಡಿದಳು, ಹೆಸರು ಓದಿದಳು, ಆಕೆಯ ಮುಖದಲ್ಲಿ ಯಾವ ಬದಲಾವಣೆಯೂ ಆಗಲಿಲ್ಲ. ಇದನ್ನು ಏಕೆ ಬರೆಯುತ್ತಿದ್ದೇನೆ ಎಂದು ಕೆಲವು ಓದುಗರಿಗೆ ಅನಿಸಬಹುದು. ಕೆಲವರಿಗೆ ಹೇಳುವ ಅಗತ್ಯವೇ ಇಲ್ಲ. ಎರಡು ವರ್ಷದ ಹಿಂದೆ ಮಗಳಿಗೆ ಬೆಂಗಳೂರಿನಲ್ಲಿ ಕಾಲೇಜು ಸೀಟು ಸಿಕ್ಕಾಗ ಇದೇ ಬಡಾವಣೆಯ ಸುತ್ತಮುತ್ತ ಬಾಡಿಗೆ ಮನೆ ಹುಡುಕಿದ್ದೆ. ಫೋನಿನಲ್ಲಿ ಕನ್ನಡ ಕೇಳಿ ಖುಷಿಪಟ್ಟವರು ಹೆಸರು ಕೇಳಿದ ಮೇಲೆ "ನಿನ್ನೆಯೇ ಬೇರೆಯವರಿಗೆ ಕೊಟ್ಟುಬಿಟ್ಟೆವು" ಎಂದರು. ಹೀಗೆ 'ನಿನ್ನೆ' ಕೊಟ್ಟುಹೋದ ಮನೆಗಳು ನಾಲ್ಕು. ಅದೇ ಬೀದಿಯಲ್ಲಿ ಒಂದು ರಾತ್ರಿಗೆ ನನಗೆ ತಣ್ಣನೆಯ ಪಾನಕ ಕೊಟ್ಟು ಸ್ವಾಗತಿಸಿದರು. ಒಂದು ರಾತ್ರಿಗೆ ಇದ್ದ ಬಾಗಿಲು ಹನ್ನೊಂದು ತಿಂಗಳ ಕರಾರಿಗೆ ಇರಲಿಲ್ಲ. ಹಾಗಾದರೆ ದುಡ್ಡಿನ ಆತಿಥ್ಯ ನೆರೆಹೊರೆಯವರ ಆತಿಥ್ಯಕ್ಕಿಂತ ದೊಡ್ಡದೇ? ಈ ಪ್ರಶ್ನೆಯನ್ನು ನಾನು ಹಗುರವಾಗಿ ಕೇಳುತ್ತಿಲ್ಲ. ಮಾರುಕಟ್ಟೆಗೆ ಜಾತಿ ಧರ್ಮ ಬೇಡ ಎನ್ನುವವರ ವಾದದಲ್ಲಿ ಅಂದು ನನಗೆ ಅರ್ಧ ಸತ್ಯ ಕಂಡಿತು. ಇನ್ನರ್ಧ ಕೋಣೆಯ ಒಳಗಿತ್ತು.

ಆ ಹೋಟೆಲಿನಲ್ಲಿ ಕೋಣೆಗಳಿಗೆ ನಂಬರ್ ಇರಲಿಲ್ಲ, ನದಿಗಳ ಹೆಸರಿತ್ತು. ನನಗೆ ಕೊಟ್ಟದ್ದು 'ಮಲಪ್ರಭಾ'. ಬಾಗಿಲು ತೆರೆದರೆ ಎದುರಿಗೆ ಎರಡು ತೇಗದ ಕಂಬ, ಮೇಲೆ ಕೆತ್ತನೆಯ ಬೋದಿಗೆ. ನಮ್ಮ ಕಡೆಯ ವಾಡೆಯ ಪಡಸಾಲೆಯ ಕಂಬಗಳೆಂದು ನೋಡಿದ ಕೂಡಲೇ ಹೇಳಬಹುದು. ಇವುಗಳ ಮೇಲೆ ಯಾವ ಭಾರವೂ ಇರಲಿಲ್ಲ, ಮಾಳಿಗೆಯನ್ನು ಸಿಮೆಂಟು ಹೊತ್ತಿತ್ತು, ಕಂಬಗಳು ಸುಮ್ಮನೆ ನಿಂತಿದ್ದವು. ಹಾಸಿಗೆಯ ಕಾಲ ಬದಿಗೆ ಇಳಕಲ್ ಸೀರೆಯ ಟೋಪ್ ತೆನಿ ಸೆರಗನ್ನು ಅಡ್ಡಲಾಗಿ ಹಾಸಿದ್ದರು. ಅತಿಥಿ ಬೂಟು ಬಿಚ್ಚದೆ ಒರಗಿದರೆ ಹಾಸಿಗೆ ಹೊಲಸಾಗಬಾರದೆಂದು ಅಲ್ಲೊಂದು ಬಟ್ಟೆ ಹಾಕುವುದು ರೂಢಿಯಂತೆ. ಸೆರಗಿನ ಎಳೆಗಳನ್ನು ಮೈಯ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸುವ ಕೆಲಸ ಎಷ್ಟು ಸೂಕ್ಷ್ಮದ್ದು ಎಂದು ಇಳಕಲ್ಲಿನ ಮಗ್ಗದ ಮನೆ ನೋಡಿದವರಿಗೆ ಗೊತ್ತು. ಹೆಣ್ಣುಮಕ್ಕಳು ತಲೆಯ ಮೇಲೆ ಹೊದೆಯುವ ಭಾಗ ಅದು. ದಿಂಬುಗಳಿಗೆ ಗುಳೇದಗುಡ್ಡದ ಖಣ. ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕವಡೆಯ ಸರ. ಮತ್ತು ಹಾಸಿಗೆಯ ಹಿಂದಿನ ಗೋಡೆಗೆ, ಕಟ್ಟು ಹಾಕಿಸಿ, ಮೇಲೊಂದು ಪುಟ್ಟ ದೀಪ ಹಚ್ಚಿ, ಒಂದು ಕೌದಿ.

ಮೊದಲು ಕವಡೆ ಸರದ ಮಾತು. ಸವದತ್ತಿಯ ಯಲ್ಲಮ್ಮನ ಗುಡ್ಡವನ್ನು ಬಲ್ಲವರಿಗೆ ಆ ಸರ ಆಭರಣವಲ್ಲ. ಅದರ ಹಿಂದೆ ಭಕ್ತಿ ಇದೆ, ನಿಜ. ಅದರ ಹಿಂದೆ ಮುತ್ತು ಕಟ್ಟಿಸಿಕೊಂಡು ಬಾಳು ಕಳೆದುಕೊಂಡ ಹುಡುಗಿಯರೂ ಇದ್ದಾರೆ. 1982ರಲ್ಲಿ ಕರ್ನಾಟಕ ಸರ್ಕಾರ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾನೂನು ಮಾಡಬೇಕಾಗಿ ಬಂದದ್ದು ಸುಮ್ಮನೆ ಅಲ್ಲ. ಈ ಎರಡನ್ನೂ ಒಟ್ಟಿಗೆ ಹೇಳದೆ ಆ ಸರವನ್ನು ತೋರಿಸುವುದು ಸಾಧ್ಯವಿಲ್ಲ. ಹೋಟೆಲಿನವರು ಎರಡನ್ನೂ ಹೇಳಿರಲಿಲ್ಲ. ಚಂದ ಕಾಣುತ್ತದೆ ಎಂದು ಇಟ್ಟಿದ್ದರು. ಅವರ ಮನಸ್ಸಿನಲ್ಲಿ ಕೇಡು ಇರಲಿಲ್ಲ ಎಂದೇ ನಂಬುತ್ತೇನೆ. ಆದರೆ ನಮ್ಮ ನೋವು ಇನ್ನೊಬ್ಬರ ಅಲಂಕಾರವಾಗಲು ಕೇಡು ಬೇಕಾಗಿಲ್ಲ, ತಿಳಿಯದಿರುವಿಕೆ ಸಾಕು.

ಇನ್ನು ಕೌದಿ. ಉತ್ತರ ಕರ್ನಾಟಕದ ಬಡವರ ಮನೆಯಲ್ಲಿ ಹಾಸಲಿಕ್ಕೂ ಹೊದೆಯಲಿಕ್ಕೂ ಅದೇ. ಹರಿದ ಸೀರೆ, ಹಳೆಯ ಧೋತರ, ಲುಂಗಿ, ಮಕ್ಕಳ ಅಂಗಿ, ಯಾವುದನ್ನೂ ಬಿಸಾಡದೆ ಪದರ ಪದರ ಇಟ್ಟು, ಅಂಚಿನಿಂದ ಸಾಲು ಹಿಡಿದು ಟಾಕು ಹಾಕುತ್ತ ಹೋಗುತ್ತಾರೆ. ನಮ್ಮ ಓಣಿಯಲ್ಲಿ ಲಿಂಗಾಯತರ ಮನೆಯ ಕೌದಿ, ಪಿಂಜಾರರ ಮನೆಯ ಕೌದಿ ಎಂದು ಬೇರೆ ಇರಲಿಲ್ಲ. ಹೊಲಿಯುವ ಕೈ ಒಂದೇ ಆಗಿದ್ದರೆ ಕೌದಿಯೂ ಒಂದೇ. ಆದರೆ ಬಟ್ಟೆಗಳು ಬೇರೆ. ಯಾವ ತುಂಡು ಯಾರದು ಎಂದು ಆ ಮನೆಯವರಿಗೆ ಮಾತ್ರ ಗೊತ್ತು. ನಮ್ಮ ಮನೆಯ ಕೌದಿಯಲ್ಲಿ ನಮ್ಮ ಅಬ್ಬಾನ ಒಂದು ಹಸಿರು ಪಟ್ಟಿಯ ಲುಂಗಿ ಇದೆ. ಅವರು ತೀರಿಕೊಂಡು ಬಹಳ ವರ್ಷವಾಯಿತು, ಲುಂಗಿ ಇನ್ನೂ ಬೆಚ್ಚಗಿದೆ. ಅಮ್ಮಿ ಕೌದಿಯ ನಡುವೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಿದ್ದಳು. ಏಕೆಂದು ಕೇಳಿದರೆ "ಅದಕ್ಕೂ ಹೊಟ್ಟೆ ಇದೆ" ಎನ್ನುತ್ತಿದ್ದಳು.

ಹೋಟೆಲಿನ ಗೋಡೆಯ ಮೇಲಿದ್ದ ಕೌದಿಯ ಕೆಳಗೆ ಹಿತ್ತಾಳೆಯ ಒಂದು ಪಟ್ಟಿ ಇತ್ತು. ಅದರಲ್ಲಿ 'ಹಳೆಯ ಗ್ರಾಮೀಣ ಜವಳಿ, ಉತ್ತರ ಕರ್ನಾಟಕ' ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ಯಾರು ಹೊಲಿದದ್ದು? ಯಾವ ಊರು? ಯಾವ ವರ್ಷ? ಇಲ್ಲ. ಕೌದಿಯ ಪಕ್ಕದಲ್ಲಿ ಇನ್ನೊಂದು ಚಿತ್ರ ಇತ್ತು, ಬೆಂಗಳೂರಿನ ಚಿತ್ರಕಾರರೊಬ್ಬರದು. ಅದರ ಕೆಳಗೆ ಅವರ ಹೆಸರು, ಚಿತ್ರದ ಹೆಸರು, ಮಾಧ್ಯಮ, ವರ್ಷ ಎಲ್ಲವೂ ಇದ್ದವು. ನನ್ನ ಇಡೀ ತಕರಾರು ಈ ಎರಡು ಪಟ್ಟಿಗಳ ನಡುವಿನ ಅಂತರದ್ದು. ಒಬ್ಬರದು ಕಲೆ, ಇನ್ನೊಬ್ಬರದು 'ಜವಳಿ'. ಒಬ್ಬರಿಗೆ ಹೆಸರು, ಇನ್ನೊಬ್ಬರಿಗೆ ಪ್ರದೇಶ.

ಹೀಗಲ್ಲದೆ ಬೇರೆ ದಾರಿ ಇಲ್ಲವೇ? ಇದೆ, ನಮ್ಮ ರಾಜ್ಯದಲ್ಲೇ ಇದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳನ್ನು ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರರು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಮ್, ಕ್ರೈಸ್ತ ಮೂವರೂ ಇದ್ದಾರೆ, ಮೂವರೂ ಕೌದಿ ಹೊಲಿಯುತ್ತಾರೆ. ತುಂಡುಗಳಲ್ಲಿ ಒಬ್ಬರು ಚಂದ್ರ ಇಡುತ್ತಾರೆ, ಒಬ್ಬರು ಶಿಲುಬೆ. 2011ರಲ್ಲಿ ಈ ಕೌದಿಗಳು ನ್ಯೂಯಾರ್ಕಿನಲ್ಲಿ ಪ್ರದರ್ಶನಗೊಂಡಾಗ ಅವನ್ನು ಹೊಲಿದವರ ಹೆಸರಿನಿಂದಲೇ ತೋರಿಸಿದರು. ಅಲ್ಲಿಯೂ ಕೌದಿ ಗೋಡೆಗೇ ಏರಿತು. ಆದರೆ ಹೆಸರನ್ನು ಕೆಳಗೆ ಬಿಟ್ಟು ಏರಲಿಲ್ಲ.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಇನ್ನೊಂದು ಉದಾಹರಣೆ. ಕೆಡವಲು ಹೊರಟಿದ್ದ ಮನೆಗಳನ್ನು ಬಿಚ್ಚಿ ತಂದು ಅವರು ಮತ್ತೆ ನಿಲ್ಲಿಸಿದರು. ಅಲ್ಲಿ ಮುಧೋಳದ ಅರಮನೆಯ ದರ್ಬಾರ್ ಹಾಲ್ ಇದೆ, ಕುಕನೂರಿನ ಕಮಲ ಮಹಲ್ ಇದೆ, ಹುಮನಾಬಾದಿನ ನವಾಬ ಮಹಲ್ ಇದೆ. ಶೆಣೈ 2017ರಲ್ಲಿ ತೀರಿಕೊಂಡರು. ಚೆನ್ನೈ ಹತ್ತಿರದ ದಕ್ಷಿಣಚಿತ್ರದಲ್ಲಿ ಇಳಕಲ್ಲಿನ ನೇಕಾರರ ಮನೆ ಇದೆ. ಇಂಥ ಕಡೆ ಮನೆ ತನ್ನ ಊರನ್ನು ಕಳೆದುಕೊಂಡರೂ ಊರಿನ ಹೆಸರನ್ನು ಕಳೆದುಕೊಂಡಿಲ್ಲ. ನಮ್ಮದೇ ಕಿತ್ತೂರಿನ ಕೋಟೆಯ ವಸ್ತುಸಂಗ್ರಹಾಲಯಕ್ಕೆ ಹೋಗಿ ನೋಡಿ. 1824ರ ಡಿಸೆಂಬರಿನಲ್ಲಿ ಕೋಟೆ ಬಿದ್ದ ಮೇಲೆ ಅರಮನೆ ಹಾಳಾಯಿತು. ಇಂದು ಅಲ್ಲಿ ಗೋಡೆಗಳಿವೆ, ಮಾಳಿಗೆ ಇಲ್ಲ. ಧ್ರುವ ನಕ್ಷತ್ರ ನೋಡುವ ಕಿಂಡಿ ಇದೆ, ನೋಡುವವರು ಕೂರುತ್ತಿದ್ದ ಪಡಸಾಲೆ ಇಲ್ಲ. ಉಳಿದ ಮರದ ಬಾಗಿಲು, ಚೌಕಟ್ಟು ಸಂಗ್ರಹಾಲಯದಲ್ಲಿವೆ. ಸೋತ ಅರಮನೆಯ ಬಾಗಿಲಿಗೂ ಅಲ್ಲಿ ಅದರ ಮನೆತನದ ಹೆಸರಿದೆ.

ಈಗ ನನ್ನ ವಾದಕ್ಕೆ ನಾನೇ ಎದುರು ವಾದ ಹೂಡಬೇಕು. ಈ ಕಂಬಗಳು ಬೆಂಗಳೂರಿಗೆ ಹೇಗೆ ಬಂದವು? ಯಾರೂ ಕದ್ದು ತರಲಿಲ್ಲ. ನಾವೇ ಮಾರಿದೆವು. 2019ರ ಆಗಸ್ಟಿನಲ್ಲಿ ಮಲಪ್ರಭೆ ತುಂಬಿ ಬಂದಾಗ ರಾಮದುರ್ಗ, ಮುನವಳ್ಳಿ ಮತ್ತು ಹೊಳೆಯ ದಂಡೆಯ ಹಳ್ಳಿಗಳಲ್ಲಿ ಮಣ್ಣಿನ ಮನೆಗಳು ನೆನೆದು ಕುಸಿದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಆ ಹಣದಲ್ಲಿ ಯಾರೂ ಮೇಲ್ಮುದ್ದೆಯ ಮನೆ ಕಟ್ಟುವುದಿಲ್ಲ, ಕಟ್ಟಲೂಬಾರದು. ಬಿದ್ದ ಮನೆಯ ತೊಲೆ ಕಂಬಗಳು ಗುಜರಿಯವರ ಟ್ರಾಕ್ಟರ್ ಏರಿದವು. ಹಳೆಯ ಮನೆಯನ್ನು ಹಾಡಿ ಹೊಗಳುವವರು ಅದರೊಳಗೆ ಮಳೆಗಾಲ ಕಳೆದವರಲ್ಲ. ನಮ್ಮ ಮನೆಯ ಬೆಳಕಿಂಡಿಯಿಂದ ಬೆಳಕಿನಷ್ಟೇ ನೀರೂ ಬರುತ್ತಿತ್ತು. ಜಂತಿಯಿಂದ ಚೇಳು ಬೀಳುತ್ತಿತ್ತು. ಅಮ್ಮಿ ಸೋರುವ ಕಡೆಗಳಿಗೆಲ್ಲ ಪಾತ್ರೆ ಇಟ್ಟು, ಪಾತ್ರೆ ಸಾಲದೆ ಹೋದ ಕಡೆ ತಾನು ಕೂರುತ್ತಿದ್ದಳು. ಹೀಗಿರುವಾಗ ಆ ಕಂಬ ಉಳಿದದ್ದು, ಯಾರೋ ಎಣ್ಣೆ ಹಚ್ಚಿ ಒರೆಸುತ್ತಿರುವುದು ಒಳ್ಳೆಯದೇ ಅಲ್ಲವೇ? ಒಲೆಗೆ ಹೋಗುವುದಕ್ಕಿಂತ ಇದು ಮೇಲು. ಈ ಮಾತನ್ನು ನಾನು ಒಪ್ಪುತ್ತೇನೆ. ಆದ್ದರಿಂದ ನನ್ನ ತಕರಾರು ಮಾರುವುದರ ಮೇಲಲ್ಲ, ಕೊಳ್ಳುವುದರ ಮೇಲೂ ಅಲ್ಲ. ಕೊಂಡವನು ಮಾರಿದವನ ಹೆಸರನ್ನು ಒರೆಸಿಹಾಕುವುದರ ಮೇಲೆ.

ಎರಡನೆಯ ದಿನ ಬೆಳಿಗ್ಗೆ ಕೋಣೆ ಗುಡಿಸಲು ಬಂದ ಹುಡುಗನ ಮಾತಿನಲ್ಲಿ ನಮ್ಮ ಕಡೆಯ ರಾಗ ಕೇಳಿಸಿತು. ಯಾವ ಊರು ಎಂದೆ. ಸವದತ್ತಿ ತಾಲೂಕು ಎಂದ. ಪ್ರವಾಹದಲ್ಲಿ ಅವರ ಮನೆಯೂ ಬಿದ್ದಿತ್ತು. ದಿನಾ ಮೆತ್ತನೆಯ ಬ್ರಶ್ಶಿನಿಂದ ಕೌದಿಯ ಧೂಳು ತೆಗೆಯುವ ಕೆಲಸ ಅವನದೇ. "ನಮ್ಮ ಆಯಿ ಹೊಲದದ್ದೂ ಹಿಂಗ ಇತ್ರಿ ಸರ, ನೀರಾಗ ಹೋತು" ಎಂದ. ಹೋಟೆಲಿನವರಿಗೆ ಇದನ್ನು ಹೇಳಿದ್ದೀಯಾ ಎಂದು ಕೇಳಿದೆ. "ಅವರು ಕೇಳಿಲ್ರಿ" ಎಂದ. ಇಡೀ ಕಟ್ಟಡದಲ್ಲಿ ಆ ಕೌದಿಯ ಬಗ್ಗೆ ನಾಲ್ಕು ಮಾತು ಹೇಳಬಲ್ಲವನು ಅವನೊಬ್ಬನೇ. 'ಸ್ಥಳೀಯ ಸಂಸ್ಕೃತಿಯ ಅನುಭವ' ಎಂದು ಹೋಟೆಲಿನ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದರು. ಆ ಸ್ಥಳೀಯ ಸಂಸ್ಕೃತಿಗೆ ಸಮವಸ್ತ್ರ ತೊಡಿಸಿ ಪೊರಕೆ ಕೊಟ್ಟಿದ್ದರು, ಮಾತು ಕೊಟ್ಟಿರಲಿಲ್ಲ.

ಉರ್ದು ಶಾಲೆಯಲ್ಲಿ ಕಲಿಯುವಾಗ ಪಾಠದಲ್ಲಿ ಬರುತ್ತಿದ್ದ 'ಸರಾಯ್' ಎಂಬ ಪದ ಕೇಳಿ ಕನ್ನಡ ಶಾಲೆಯ ಗೆಳೆಯರು ನಗುತ್ತಿದ್ದರು. ಅವರಿಗೆ ಅದು ಸಾರಾಯಿ. ಸರಾಯ್ ಎಂದರೆ ದಾರಿಹೋಕರು ಇಳಿದುಕೊಳ್ಳುವ ಜಾಗ. ಬ್ರಿಟಿಷರು 1867ರಲ್ಲಿ ಸರಾಯ್‌ಗಳಿಗೆಂದೇ ಒಂದು ಕಾನೂನು ಮಾಡಿದರು. ಸರಾಯ್ ನಡೆಸುವವನು ಹೆಸರು ನೋಂದಾಯಿಸಬೇಕು, ಗೋಡೆ, ಮಾಳಿಗೆ, ಚರಂಡಿ ದುರಸ್ತಿಯಲ್ಲಿಡಬೇಕು, ಕಾವಲುಗಾರನನ್ನು ಇಡಬೇಕು, ಕೇಳಿದರೆ ಬಂದುಹೋದವರ ವರದಿ ಕೊಡಬೇಕು. ಆಧಾರ್ ಕಾರ್ಡಿನ ನಕಲು ತೆಗೆದುಕೊಳ್ಳುವ ಇಂದಿನ ಪದ್ಧತಿಯ ಅಜ್ಜನಂತೆ ಇದು ಕಾಣುತ್ತದೆ. ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಬರುವ ಲಕ್ಷಾಂತರ ಜನ ಇಂಥ ಯಾವ ದಫ್ತರಕ್ಕೂ ಹೆಸರು ಬರೆಸದೆ, ಗಾಡಿ ಬಿಚ್ಚಿ, ಮೂರು ಕಲ್ಲು ಹೂಡಿ, ತಂದ ಕೌದಿಯನ್ನೇ ಹಾಸಿಕೊಂಡು ಮಲಗುತ್ತಾರೆ. ಅಲ್ಲಿ ಬಳೆ ಮಾರಲು ಹೋಗುತ್ತಿದ್ದ ನಮ್ಮ ಮಾಮು ಯಾರ ಒಲೆಯ ಪಕ್ಕದಲ್ಲಾದರೂ ಉಂಡು ಬರುತ್ತಿದ್ದರು. ನೀರು, ನೆರಳು, ಶೌಚಾಲಯದ ತಾಪತ್ರಯ ಅಲ್ಲಿ ಸಾಕಷ್ಟು ಇದೆ. ಅದನ್ನು ಸ್ವರ್ಗ ಎನ್ನಲಾರೆ. ಆದರೆ ಅಲ್ಲಿ ಕೌದಿಯ ಒಡತಿ ಕೌದಿಯ ಮೇಲೆಯೇ ಇರುತ್ತಾಳೆ.

ಊರಿಗೆ ಬಂದು ಅಮ್ಮಿಗೆ ಎಲ್ಲ ಹೇಳಿದೆ. ಆಕೆಗೆ ಎಪ್ಪತ್ತು ದಾಟಿದೆ. ಕಟ್ಟು, ದೀಪ, ಬ್ರಶ್ಶು ಎಲ್ಲ ಕೇಳಿ ಬಹಳ ಹೊತ್ತು ಸುಮ್ಮನಿದ್ದು "ದಿವಾಲ್ ಕು ಥಂಡ್ ಲಗ್ತಿ ಕ್ಯಾ?" ಎಂದಳು. ಗೋಡೆಗೆ ಚಳಿ ಆಗುತ್ತದೆಯೇ ಎಂದು. ನಾನು ನಕ್ಕೆ. ಆಕೆ ನಗಲಿಲ್ಲ. "ಹೊಲಿದವಳು ಯಾರಂತೆ?" ಎಂದಳು. ನಾನು ಎರಡು ದಿನ ಯೋಚಿಸಿ ಹುಡುಕಿದ ಪ್ರಶ್ನೆಯನ್ನು ಆಕೆ ಎರಡು ನಿಮಿಷದಲ್ಲಿ ಕೇಳಿದಳು.

ಆ ಪ್ರಶ್ನೆ ಅಲ್ಲಿಗೇ ನಿಂತಿದ್ದರೆ ಈ ಲೇಖನವನ್ನು ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಅದು ನನ್ನ ಕಡೆಗೂ ತಿರುಗಿತು. ಇಪ್ಪತ್ತು ವರ್ಷದ ಹಿಂದೆ ನಾನೊಂದು ಕಥೆ ಬರೆದಿದ್ದೆ. ನಮ್ಮ ಓಣಿಯಲ್ಲಿ ಕೌದಿ ಹೊಲಿಯುತ್ತಿದ್ದ ಮುದುಕಿಯೊಬ್ಬಳ ಕಥೆ. ಆಕೆ ಆಡಿದ ಮಾತುಗಳನ್ನು ಹೆಚ್ಚುಕಡಿಮೆ ಹಾಗೆಯೇ ಎತ್ತಿಕೊಂಡಿದ್ದೆ. ಸತ್ತ ಮಗನ ಅಂಗಿಯನ್ನು ಆಕೆ ಯಾವ ಮೂಲೆಗೆ ಇಟ್ಟಳು ಎನ್ನುವುದನ್ನೂ ಬರೆದಿದ್ದೆ. ಕಥೆಗೆ ಬಹುಮಾನ ಬಂತು. ಭಾಷೆಯ ಸೊಗಡನ್ನು ವಿಮರ್ಶಕರು ಹೊಗಳಿದರು. ಆ ಸೊಗಡು ನನ್ನದಲ್ಲ ಎಂದು ನಾನು ಯಾರಿಗೂ ಹೇಳಲಿಲ್ಲ. ಆಕೆಗೂ ಹೇಳಲಿಲ್ಲ. ಆಕೆಗೆ ಓದಲು ಬರುತ್ತಿರಲಿಲ್ಲ, ಆದರೆ ಕೇಳಲು ಬರುತ್ತಿತ್ತು. ನಾಲ್ಕು ಮನೆ ದಾಟಿ ಹೋಗಿ ಕಥೆಯನ್ನು ಓದಿ ಹೇಳಲು ನನಗೆ ಹತ್ತು ನಿಮಿಷ ಸಾಕಿತ್ತು. ಆಕೆ ತೀರಿಕೊಂಡು ಹನ್ನೆರಡು ವರ್ಷವಾಯಿತು. ನಾನೂ ಒಂದು ಕೌದಿಯನ್ನು ಗೋಡೆಗೆ ಹೊಡೆದು ಕೆಳಗೆ 'ಉತ್ತರ ಕರ್ನಾಟಕ' ಎಂದು ಬರೆದವನೇ.

ನಮ್ಮ ಭಾಗದ ಸಾಹಿತ್ಯದ ಬಗ್ಗೆ ಮಾತಾಡುವಾಗ 'ಸೊಗಡು', 'ಮಣ್ಣಿನ ವಾಸನೆ' ಎಂಬ ಪದಗಳನ್ನು ನಾವು ಧಾರಾಳವಾಗಿ ಬಳಸುತ್ತೇವೆ. 2021ರ ನವೆಂಬರಿನಲ್ಲಿ ಮುಂಬೈ ಕರ್ನಾಟಕಕ್ಕೆ ಕಿತ್ತೂರು ಕರ್ನಾಟಕ ಎಂದು ಹೆಸರಾದ ಮೇಲೆ ಈ ಪ್ರೀತಿ ಇನ್ನಷ್ಟು ಹೆಚ್ಚಿದೆ. ಮುಸ್ಲಿಮ್ ಲೇಖಕನಾದರೆ ಇನ್ನೊಂದು ಕೋಣೆಯೂ ಅವನಿಗೆ ತಯಾರಿರುತ್ತದೆ. ಬುರ್ಖಾ, ದರ್ಗಾ, ಅತ್ತರು ಇಟ್ಟ ಕೋಣೆ. ಓದುಗ ಒಂದು ರಾತ್ರಿ ಅಲ್ಲಿ ತಂಗಿ, ಬೆಳಿಗ್ಗೆ ಖುಷಿಯಿಂದ ಹೊರಡುತ್ತಾನೆ. ಅದೇ ಓದುಗನ ಪಕ್ಕದ ಮನೆ ಖಾಲಿಯಾದಾಗ ಅದನ್ನು 'ನಿನ್ನೆಯೇ' ಬೇರೆಯವರಿಗೆ ಕೊಟ್ಟಿರುತ್ತಾರೆ. ಕಥೆಯಲ್ಲಿ ಅತಿಥಿಯಾಗಿ ಒಪ್ಪಿದವರು ಬೀದಿಯಲ್ಲಿ ನೆರೆಯವನಾಗಿ ಒಪ್ಪದಿದ್ದರೆ ನಮ್ಮ ಕಥೆ ಏನು ಮಾಡಿದಂತಾಯಿತು? ತಪ್ಪು ಓದುಗನದು ಮಾತ್ರ ಎನ್ನಲಾರೆ. ಅವನಿಗೆ ಬೇಕಾದಂತೆ ಕೋಣೆ ಸಿಂಗರಿಸಿದವರು ನಾವು.

ಮಕ್ತಬಿನಲ್ಲಿ ಉಸ್ತಾದರು ಇಬ್ರಾಹಿಮ್ ಬಿನ್ ಅದಹಮರ ಕಥೆ ಹೇಳುತ್ತಿದ್ದರು. ಬಲ್ಖ್‌ನ ಅರಮನೆಗೆ ಒಬ್ಬ ಅಪರಿಚಿತ ನುಗ್ಗಿ, ಈ ಸರಾಯ್‌ನಲ್ಲಿ ಇಂದು ಇಳಿದುಕೊಳ್ಳುತ್ತೇನೆ ಎಂದ. ಇದು ಅರಮನೆ ಎಂದು ದೊರೆ ರೇಗಿದ. ನಿನಗಿಂತ ಮೊದಲು ಇಲ್ಲಿ ಯಾರಿದ್ದರು ಎಂದು ಅವನು ಕೇಳಿದ. ನಮ್ಮ ತಂದೆ ಎಂದ ದೊರೆ. ಅವರಿಗಿಂತ ಮೊದಲು? ಅಜ್ಜ. ಒಬ್ಬರು ಬಂದು ಒಬ್ಬರು ಹೋಗುವ ಜಾಗ ಸರಾಯ್ ಅಲ್ಲದೆ ಮತ್ತೇನು ಎಂದ ಆ ಅಪರಿಚಿತ. ಚಿಕ್ಕಂದಿನಲ್ಲಿ ಇದು ವೈರಾಗ್ಯದ ಕಥೆ ಎಂದುಕೊಂಡಿದ್ದೆ. ಈಗ ಅದರಲ್ಲಿ ಇನ್ನೊಂದು ಮಾತು ಕೇಳಿಸುತ್ತದೆ. ನಿನಗಿಂತ ಮೊದಲು ಇಲ್ಲಿ ಯಾರಿದ್ದರು ಎಂಬ ಪ್ರಶ್ನೆಗೆ ದೊರೆಯ ಬಳಿ ಉತ್ತರವಾದರೂ ಇತ್ತು. 'ಮಲಪ್ರಭಾ' ಕೋಣೆಯ ಬಳಿ ಆ ಉತ್ತರವೂ ಇರಲಿಲ್ಲ.

ಈ ಬೇಸಿಗೆಯಲ್ಲಿ ನಮ್ಮ ಮನೆಯನ್ನೂ ಇಳಿಸಬೇಕೆಂದು ತಮ್ಮ ನಿಶ್ಚಯಿಸಿದ್ದಾನೆ. ನಾನು ಬೇಡ ಎನ್ನಲಿಲ್ಲ. ಅಮ್ಮಿ ಇನ್ನೊಂದು ಮಳೆಗಾಲ ಪಾತ್ರೆ ಇಡುವುದು ನನಗೆ ಬೇಕಿಲ್ಲ. ಕಂಬಗಳನ್ನು ನೋಡಲು ಹುಬ್ಬಳ್ಳಿಯಿಂದ ಒಬ್ಬ ವ್ಯಾಪಾರಿ ಬಂದು ಹೋದ. ದರ ಕುದುರಿತು. ತಮ್ಮನ ಜಗಳದ ನಡುವೆಯೂ ನಾನೊಂದು ಶರತ್ತು ಹಾಕಿದೆ. ಬಡಿಗನನ್ನು ಕರೆಸಿ ಪ್ರತಿ ಕಂಬದ ಬುಡದಲ್ಲಿ ಊರಿನ ಹೆಸರು, ಓಣಿಯ ಹೆಸರು, ಮನೆ ಕಟ್ಟಿಸಿದ ನಮ್ಮ ಅಜ್ಜನ ಹೆಸರು ಕೊರೆಸಿದೆ. ಕನ್ನಡದಲ್ಲಿ ಒಂದು ಬದಿ, ಉರ್ದುವಿನಲ್ಲಿ ಇನ್ನೊಂದು ಬದಿ. ಹೆಸರಿದ್ದರೆ ದರ ಕಡಿಮೆಯಾಗುತ್ತದೆ ಎಂದು ವ್ಯಾಪಾರಿ ಹೇಳಿದ, ಕಡಿಮೆ ಮಾಡಿಯೂ ಬಿಟ್ಟ. ಅವನು ಅದನ್ನು ಉಜ್ಜಿ ತೆಗೆಯಬಹುದು. ತೆಗೆಯದೆಯೂ ಇರಬಹುದು.

ನನ್ನ ಆ ಹಳೆಯ ಕಥೆ ಸಂಕಲನದ ಹೊಸ ಮುದ್ರಣ ಬರಲಿದೆ. ಮುದುಕಿಯ ಮೊಮ್ಮಗಳು ಈಗ ನಮ್ಮದೇ ಊರಿನಲ್ಲಿ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ಕಳೆದ ವಾರ ಹೋಗಿ ಕಥೆಯನ್ನು ಪೂರ್ತಿ ಓದಿ ಹೇಳಿದೆ. ಎರಡು ಕಡೆ "ಅಜ್ಜಿ ಹಿಂಗ ಅಂದಿರಾಕಿಲ್ಲ" ಎಂದಳು. ಎರಡನ್ನೂ ತಿದ್ದಿದ್ದೇನೆ. ಹೆಸರು ಹಾಕಬಹುದೇ ಎಂದು ಕೇಳಿದೆ. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದಿದ್ದಾಳೆ. ಅವಳು ಬೇಡ ಎಂದರೆ ಹಾಕುವುದಿಲ್ಲ. ಹೇಳುವವರೆಗೆ ಮುದ್ರಣವನ್ನು ತಡೆಯಲು ಪ್ರಕಾಶಕರಿಗೆ ಹೇಳಿದ್ದೇನೆ.